ಬೇಳೆ ಬೇಯದ ನೀರಿನ ಈಜುಕೊಳ: ಔಷಧ, ಸಾಫ್ಟ್‌ನರ್, ಮಾಳಿಗೆಯ ಮಳೆ

ಮನೆಯ ಈಜುಕೊಳಕ್ಕೆ ಮಾಳಿಗೆಯ ಮಳೆನೀರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆ ತೀರ್ಮಾನಕ್ಕೆ ಬರುವ ಮೊದಲು ಬೇರೆ ಎರಡು ದಾರಿ ಹಿಡಿದು ಹಣ ಕಳೆದುಕೊಂಡೆ.

ನಮ್ಮ ಮನೆ ಬಳ್ಳಾರಿಯ ಹೊರವಲಯದಲ್ಲಿದೆ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳಾಗಿಯೇ ಉಳಿಯುತ್ತದೆ. ಪರೀಕ್ಷೆ ಮಾಡಿಸಿದಾಗ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 600 ಮಿಲಿಗ್ರಾಂ ಬಂತು. ಕೊಳದಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ; ಇಳಿದಷ್ಟನ್ನು ಮತ್ತೆ ಬೋರ್ ನೀರಿನಿಂದ ತುಂಬಿದರೆ ಇನ್ನಷ್ಟು ಸುಣ್ಣ ಸೇರುತ್ತದೆ. ಎರಡನೇ ಬೇಸಿಗೆಯ ಹೊತ್ತಿಗೆ ನೀಲಿ ಟೈಲ್ಸ್ ಮೇಲೆ ನೀರಿನ ಮಟ್ಟದುದ್ದಕ್ಕೂ ಬೆರಳಗಲದ ಬಿಳಿ ಪಟ್ಟಿ ಕಟ್ಟಿತ್ತು. ಅದಕ್ಕೆ ಉಜ್ಜಿ ಮಗಳ ಮೊಣಕೈ ತರಚಿತು.

ಸುಣ್ಣ ಗಟ್ಟಿಯಾಗದಂತೆ ಹಿಡಿದಿಡುವ ದ್ರವ ಔಷಧ ಮೂರರಲ್ಲಿ ಅಗ್ಗ. ಆದರೆ ಅದು ಸುಣ್ಣವನ್ನು ತೆಗೆಯುವುದಿಲ್ಲ. ಕೊಳಕ್ಕೆ ಹಾಕುವ ಕ್ಲೋರಿನ್ ಆ ಔಷಧವನ್ನು ನಿಧಾನವಾಗಿ ಒಡೆಯುವುದರಿಂದ ಮತ್ತೆ ಮತ್ತೆ ಹಾಕುತ್ತಿರಬೇಕು, ಒಡೆದು ಉಳಿದ ಫಾಸ್ಫೇಟ್ ಪಾಚಿಗೆ ಗೊಬ್ಬರ. ಮೂರೇ ತಿಂಗಳಲ್ಲಿ ಅದನ್ನು ಕೈಬಿಟ್ಟೆ.

ನೀರಿನ ಸುಣ್ಣ ತೆಗೆಯುವ ಯಂತ್ರ ಸಾಫ್ಟ್‌ನರಿಗೆ 40 ಸಾವಿರ ರೂಪಾಯಿ ಕೊಟ್ಟೆ. ನೀರು ನಿಜವಾಗಿಯೂ ಮೃದುವಾಯಿತು. ತೊಂದರೆ ಶುರುವಾದದ್ದು ಉಪ್ಪಿನಿಂದ. ಯಂತ್ರದೊಳಗಿನ 25 ಲೀಟರ್ ರೆಸಿನ್, ಅಂದರೆ ಸುಣ್ಣ ಹಿಡಿಯುವ ಸಣ್ಣ ಮಣಿಗಳು, ನಮ್ಮ ನೀರಿನಲ್ಲಿ ಸುಮಾರು 2,000 ಲೀಟರಿಗೇ ದಣಿಯುತ್ತದೆ. ಆಮೇಲೆ ಉಪ್ಪುನೀರು ಹಾಯಿಸಿ ತೊಳೆದರೆ ಮಾತ್ರ ಮತ್ತೆ ಕೆಲಸ ಮಾಡುತ್ತದೆ. 20,000 ಲೀಟರಿನ ಕೊಳ ತುಂಬಲು ಹತ್ತು ಸಲ ತೊಳೆಯಬೇಕಾಯಿತು, ಪ್ರತಿ ಸಲಕ್ಕೂ ಸುಮಾರು ನಾಲ್ಕು ಕಿಲೋ ಉಪ್ಪು. ಮಾರುವಾಗ ಈ ಲೆಕ್ಕವನ್ನು ಯಾರೂ ಹೇಳಿರಲಿಲ್ಲ.

ಆ ತೊಳೆದ ನೀರು ಎಲ್ಲಿಗೆ ಹೋಗಬೇಕೆಂದೂ ಹೇಳಿರಲಿಲ್ಲ. ಜೋಡಿಸಲು ಬಂದವರು ಪೈಪನ್ನು ಹಿತ್ತಲಿನ ಕಾಲುವೆಗೆ ಬಿಟ್ಟು ಹೋದರು. ಆ ಕಾಲುವೆ ಅವ್ವನ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತದೆ. ಮೊದಲು ಎಲೆಗಳ ಅಂಚು ಸುಟ್ಟಂತೆ ಕಂದಾಯಿತು. ನೀರು ಸಾಲದೇನೋ ಎಂದು ಅವ್ವ ಅದೇ ಕಾಲುವೆಯನ್ನು ಇನ್ನಷ್ಟು ಅಗಲ ಮಾಡಿದಳು. ತಿಂಗಳೊಳಗೆ ಎಲೆಯೆಲ್ಲ ಉದುರಿತು. ಬುಡದ ಮಣ್ಣು ಒಣಗಿದಾಗ ಮೇಲೆ ಬಿಳಿ ಹುಡಿ ಕಂಡ ಮೇಲೆಯೇ ನನಗೆ ಕಾರಣ ತಿಳಿದದ್ದು. ಹನ್ನೊಂದು ವರ್ಷದ ಗಿಡ ಅದು. ಸಾಫ್ಟ್‌ನರ್ ಕೊಳ್ಳುವವರು ಮೊದಲು ಚರಂಡಿ ಎಲ್ಲಿದೆ ಎಂದು ನೋಡಿಕೊಳ್ಳಿ.

ಇನ್ನು ಮಳೆನೀರು. ನೂರು ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರಿನ ಹತ್ತಿರ ನೀರು. ನಮ್ಮಲ್ಲಿ ಮಳೆ ಕಡಿಮೆ, ನಿಜ. ಆದರೆ ಕೊಳವನ್ನೆಲ್ಲ ಮಳೆನೀರಿನಿಂದಲೇ ತುಂಬಬೇಕಿಲ್ಲ, ತುಂಬಲೂಬಾರದು: ಸುಣ್ಣವೇ ಇಲ್ಲದ ನೀರು ಟೈಲ್ಸ್ ನಡುವಿನ ಸಿಮೆಂಟನ್ನು ತಿನ್ನುತ್ತದೆ. ಕೊಳದ ನೀರಿನ ಕ್ಯಾಲ್ಸಿಯಂ ಗಡಸುತನ ಲೀಟರಿಗೆ 200ರಿಂದ 400 ಮಿಲಿಗ್ರಾಂ ಒಳಗೆ ಇರಬೇಕು. ಅರ್ಧ ಬೋರ್ ನೀರು, ಅರ್ಧ ಮಳೆನೀರು ಬೆರೆಸಿದರೆ ನಮಗೆ ಸರಿಹೋಗುತ್ತದೆ. ಮಾಳಿಗೆಯ ಮೇಲೆ ಕೆಂಪು ಧೂಳು ಕೂತಿರುವುದರಿಂದ ಮೊದಲ ಮಳೆಯನ್ನು ಹೊರಗೆ ಬಿಡುತ್ತೇನೆ. ಸಂಪ್ ಮೊದಲೇ ಇತ್ತು. ಪೈಪು, ಜಾಲರಿಗಷ್ಟೇ ಖರ್ಚಾಯಿತು. ಅಕ್ಟೋಬರಿನಲ್ಲಿ ತುಂಬಿಟ್ಟ 10,000 ಲೀಟರ್ ಬೇಸಿಗೆಯಲ್ಲಿ ಇಳಿದದ್ದನ್ನು ತುಂಬಲು ಸಾಕಾಗುತ್ತದೆ, ಈಜು ಮುಗಿದ ಕೂಡಲೇ ಕೊಳಕ್ಕೆ ಹೊದಿಕೆ ಎಳೆಯುವ ರೂಢಿಯಿದ್ದರೆ. ನನಗೆ ಆ ರೂಢಿಯಿದೆ.

ಕೊಳಕ್ಕೆ ಕ್ಲೋರಿನ್‌ಗಾಗಿ ಹಾಕುವ ಬ್ಲೀಚಿಂಗ್ ಪುಡಿಯಲ್ಲೂ ಸುಣ್ಣವಿರುತ್ತದೆ, ದ್ರವ ಕ್ಲೋರಿನ್‌ಗೆ ಬದಲಾಯಿಸಿ. ನೀರಿನ ಆಮ್ಲ-ಕ್ಷಾರದ ಅಳತೆ ಪಿಎಚ್ 7.2ರಿಂದ 7.6ರೊಳಗಿರಲಿ.

ಸಾಫ್ಟ್‌ನರನ್ನು ಈಗ ಗೀಸರಿಗೆ ಜೋಡಿಸಿದ್ದೇನೆ, ಅದರ ಉಪ್ಪುನೀರು ನೇರವಾಗಿ ಚರಂಡಿಗೆ ಹೋಗುತ್ತದೆ. ಅವ್ವ ಹೊಸ ಕರಿಬೇವಿನ ಸಸಿಯನ್ನು ಸಂಪಿನ ಪಕ್ಕದಲ್ಲಿ ನೆಟ್ಟಿದ್ದಾಳೆ.