ಟ್ರೇಲರ್ ಎಳೆಯಲು ಫೋರ್ಡ್ ಎಫ್-150 ಪಿಕಪ್ ಸಾಕೇ, ಎಫ್-250 ಡೀಸೆಲ್ ಬೇಕೇ?

ಅಮೆರಿಕದಲ್ಲಿ ಕೆಲಸಕ್ಕೆ ಪಿಕಪ್ ಕೊಳ್ಳುವ ಹೆಚ್ಚಿನವರು ಜಾಹೀರಾತಿನ ಎಳೆಯುವ ಸಾಮರ್ಥ್ಯಕ್ಕೇ ಮರುಳಾಗುತ್ತಾರೆ. ಅದಕ್ಕಿಂತ ಮೊದಲು ಚಾಲಕನ ಬಾಗಿಲು ತೆಗೆದು, ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿ ಓದಿ. ಜನ, ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದೆಂದು ಅದರಲ್ಲಿರುತ್ತದೆ.

8,000 ಪೌಂಡಿನ ಟ್ರೇಲರ್ ತನ್ನ ತೂಕದ ಶೇ. 10ರಿಂದ 15ರಷ್ಟನ್ನು, ಅಂದರೆ 800ರಿಂದ 1,200 ಪೌಂಡನ್ನು, ಹಿಚ್ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಹೇರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಓಲಾಡುತ್ತದೆ. ಎಫ್-150ರ ಚೀಟಿಯಲ್ಲಿ 1,600 ಪೌಂಡ್ ಎಂದಿದ್ದರೆ, ಹಿಚ್ ಮೇಲಿನ ಈ ಭಾರದ ಜೊತೆಗೆ ನಾಲ್ವರು ಕೂತು ಉಪಕರಣದ ಪೆಟ್ಟಿಗೆ ಇಡುವಷ್ಟರಲ್ಲಿ ಮಿತಿ ಮುಗಿದಿರುತ್ತದೆ. ಎಫ್-250ರ ಚಾಸಿಸ್, ಸ್ಪ್ರಿಂಗ್, ಬ್ರೇಕ್ ಎಲ್ಲ ಗಟ್ಟಿ. ಆದರೆ ಡೀಸೆಲ್ ಎಂಜಿನ್ನೇ ಭಾರ, ಹಾಗಾಗಿ ಅದರ ಚೀಟಿಯನ್ನೂ ಓದದೆ ನಂಬಬೇಡಿ.

ಟ್ರೇಲರಿನ ಬ್ರೇಕನ್ನು ಚಾಲಕನ ಸೀಟಿನಿಂದಲೇ ಹಿಡಿತದಲ್ಲಿಡುವ ಟ್ರೇಲರ್ ಬ್ರೇಕ್ ಕಂಟ್ರೋಲರ್ ಎರಡರಲ್ಲೂ ಸಿಗುತ್ತದೆ. ಅದಿಲ್ಲದ ಗಾಡಿಯನ್ನು ಈ ಕೆಲಸಕ್ಕೆ ನಾನಂತೂ ಕೊಳ್ಳುವುದಿಲ್ಲ.

ಡ್ಯಾಶ್‌ಬೋರ್ಡಿನ ಮಾತಿಗೆ ಬಂದರೆ ಡೀಸೆಲ್ಲಿಗೆ ಗಮನ ಜಾಸ್ತಿ ಬೇಕು. ಎಂಜಿನ್ ಒಳಗೆ ಬಿಸಿಯಾಗುತ್ತಿದೆ ಎಂದು ತೋರಿಸುವ ಸುರುಳಿ ತಂತಿಯ ಆಕಾರದ ದೀಪ ಆರುವವರೆಗೆ ಸ್ಟಾರ್ಟ್ ಮಾಡಬಾರದು. ಡಿಇಎಫ್ (ಡೀಸೆಲ್ ಹೊಗೆಯ ಮಾಲಿನ್ಯ ತಗ್ಗಿಸುವ ದ್ರವ) ಮುಗಿಯುತ್ತಿದೆ ಎಂಬ ಎಚ್ಚರಿಕೆ ಕಡೆಗಣಿಸಿದರೆ ಗಾಡಿ ತನ್ನ ವೇಗವನ್ನೇ ಕಟ್ಟಿಹಾಕಬಹುದು. ಪೆಟ್ರೋಲ್ ಎಫ್-150ರಲ್ಲಿ ಈ ಎರಡೂ ಇಲ್ಲ; ಆದರೆ ಎಂಜಿನ್ ಚಿಹ್ನೆ ಮಿನುಗಿದರೆ ಭಾರ ಎಳೆಯುವುದನ್ನು ನಿಲ್ಲಿಸಿ, ಇಲ್ಲವಾದರೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋದೀತು. ಕೆಂಪು ಆಯಿಲ್ ದೀಪ ಹತ್ತಿದರೆ ಯಾವ ಗಾಡಿಯಾದರೂ ಬದಿಗೆ ಹಾಕಿ ಎಂಜಿನ್ ಆರಿಸಿ.

ದಿನವೂ ಭಾರ ಎಳೆಯುವವರಿಗೆ ಎಫ್-250; ವಾರಕ್ಕೊಮ್ಮೆ ಹಗುರ ಟ್ರೇಲರ್ ಎಳೆಯುವವರಿಗೆ ಎಫ್-150 ಧಾರಾಳವಾಗಿ ಸಾಕು.