ಮಾದರಿ ವಿಮಾನದ ಕಾಲಿಗೆ ಹಾಸನದ ಸ್ಪ್ರಿಂಗ್ ತಂತಿ: ತಂತಿ ಗಟ್ಟಿ, ಪೇಸ್ಟ್ ದಂಡ

ಹಾಸನ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ತೂಕಕ್ಕೆ ಕೊಡುವ ಸ್ಪ್ರಿಂಗ್ ತಂತಿ ಒಳ್ಳೆಯ ಮಾಲೇ. ಆದರೆ ಅಲ್ಲಿ ದಪ್ಪದ ಲೆಕ್ಕವೆಲ್ಲ ಗೇಜಿನಲ್ಲಿ, ಸಂಖ್ಯೆ ಏರಿದಷ್ಟೂ ತಂತಿ ತೆಳು. ಮೂರು ಎಂ.ಎಂ. ಎಂದು ಕೇಳಿದರೆ 10 ಗೇಜ್ ಕತ್ತರಿಸಿ ಕೊಡುತ್ತಾರೆ. ಅದು 3.25 ಮಿ.ಮೀ., ಚಕ್ರ ಜಾರದಂತೆ ಹಿಡಿಯುವ 3 ಮಿ.ಮೀ. ಬಳೆಗೆ (ಕಾಲರ್) ತೂರುವುದಿಲ್ಲ. 11 ಗೇಜ್ ಕೇಳಿ, 2.95 ಬರುತ್ತದೆ. ಕಾಲಿಗೆ ಬೆಸೆಯುವ ಆಸರೆ ಕಡ್ಡಿಗೆ 14 ಗೇಜ್ ಸಾಕು. ಪಕ್ಕದಲ್ಲೇ ನೇತುಹಾಕಿರುವ ಸತು ಲೇಪಿಸಿದ ಜಿ.ಐ. ತಂತಿಯೂ ನೋಡಲು ಹೀಗೇ ಇರುತ್ತದೆ. ತುದಿ ಬಗ್ಗಿಸಿ ಬಿಡಿ: ಚಿಮ್ಮಿ ವಾಪಸು ಬಂದರೆ ಸ್ಪ್ರಿಂಗ್, ಬಾಗಿದಲ್ಲೇ ನಿಂತರೆ ಬಟ್ಟೆ ಒಣಹಾಕಲು ಆದೀತು.

ಸುರುಳಿಯಿಂದ ಕತ್ತರಿಸುವುದರಿಂದ ತುಂಡಿನಲ್ಲಿ ಸಣ್ಣ ಬಾಗು ಉಳಿಯುತ್ತದೆ, ಇದೊಂದು ಕೊರತೆ. ಕಟಿಂಗ್ ಪ್ಲೇಯರ್ ಹಾಕಿದರೆ ಅದರ ಬಾಯಿಯೇ ಹಾಳು. ಮುಕ್ಕೋನ ಅರದಿಂದ ಸುತ್ತಲೂ ಗೀರಿ ವೈಸ್‌ನಲ್ಲಿ ಮುರಿಯಿರಿ. ತುಂಡು ಸಿಡಿಯುತ್ತದೆ, ಕನ್ನಡಕ ಇರಲಿ. ವೈಸ್‌ನ ಚೂಪು ಅಂಚಿನ ಮೇಲೆ ಮಡಚಿದರೆ ಮೂಲೆಯ ಹೊರಮೈ ಬಿರಿಯುತ್ತದೆ. ದಪ್ಪ ಬೋಲ್ಟ್ ಒಂದನ್ನು ಕಚ್ಚಿಸಿ ಅದರ ಸುತ್ತ ಬಗ್ಗಿಸಿ. ಕೈಬಿಟ್ಟೊಡನೆ ಕೆಲವು ಡಿಗ್ರಿ ಹಿಂದೆ ಬರುತ್ತದೆ, ಎಷ್ಟೆಂದು ವೇಸ್ಟ್ ತುಂಡಿನಲ್ಲಿ ಮೊದಲೇ ನೋಡಿಕೊಳ್ಳಿ. ತಪ್ಪಿದ ಮೂಲೆಯನ್ನು ನೆಟ್ಟಗೆ ಮಾಡಿ ಮತ್ತೆ ಮಡಚಿದರೆ ವಿಮಾನ ಇಳಿಯುವಾಗ ಶುಂಠಿ ಹೊಲದ ಮಡಿಗೆ ಒಮ್ಮೆ ತಗುಲಿದರೂ ಲಟಕ್. ಒಲೆಯಲ್ಲಿ ಕೆಂಪಗೆ ಕಾಸಿದರೆ ಹದವೇ ಹೋಗಿ ಕಾಲು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ.

ಅದೇ ಅಂಗಡಿ ಕೊಡುವ ಸೋಲ್ಡರಿಂಗ್ ಪೇಸ್ಟ್‌ಗೆ ಮಾತ್ರ ದುಡ್ಡು ಹಾಕಬೇಡಿ. ರೇಡಿಯೊ ಕೆಲಸದ ಆ ರಾಳಕ್ಕೆ ಉಕ್ಕು ಒಗ್ಗುವುದಿಲ್ಲ. ಬೆಸುಗೆಯ ಸೀಸ ಮುತ್ತಿನಂತೆ ಉರುಳಿ ಬೀಳುತ್ತದೆ. ತಗಡಿನ ಕೆಲಸದವರು ಬಳಸುವ ಜಿಂಕ್ ಕ್ಲೋರೈಡ್ ಆಸಿಡ್ ಬೇಕು. ಕಾಲು, ಆಸರೆ ಕಡ್ಡಿ ಎರಡನ್ನೂ ಎಮರಿ ಪೇಪರ್‌ನಿಂದ ಹೊಳೆಯುವ ತನಕ ಉಜ್ಜಿ, ಒಂದೂವರೆ ಸೆಂಟಿಮೀಟರ್ ಒತ್ತಟ್ಟಿಗೆ ಇಟ್ಟು, ತೆಳು ತಾಮ್ರದ ಎಳೆಯನ್ನು ಒಂದು ಸುತ್ತು ಇನ್ನೊಂದಕ್ಕೆ ತಾಗುವಂತೆ ಬಿಗಿಯಿರಿ. ಮೋಟಾರ್ ರೀವೈಂಡಿಂಗ್ ಅಂಗಡಿಯ ತಂತಿಯಾದರೆ ಎನಾಮಲ್ ಕೆರೆಯದೆ ಬೆಸುಗೆ ಕೂರದು. ಜೋರು ತಡೆಯುವುದು ಈ ಸುತ್ತೇ, ಸೀಸ ಬರೀ ಅಂಟು. 25 ವ್ಯಾಟ್ ಐರನ್ನಿನ ಕಾವನ್ನು ದಪ್ಪ ತಂತಿ ನುಂಗಿಬಿಡುತ್ತದೆ, 100 ವ್ಯಾಟ್ ಇರಲಿ. ಸೀಸವನ್ನು ಐರನ್ ತುದಿಗಲ್ಲ, ತಂತಿಗೆ ಮುಟ್ಟಿಸಿ. ಸುತ್ತುಗಳ ಸಂದಿಗೆ ತಾನಾಗಿ ಹರಿಯಬೇಕು. ತಂತಿ ನೀಲಿಗೆ ತಿರುಗಿದರೆ ಕಾವು ಮೀರಿತು. 4% ಬೆಳ್ಳಿ ಬೆರೆತ ತವರ ಸಿಕ್ಕರೆ ಇನ್ನೂ ಗಟ್ಟಿ, 221 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ.

ಆರಿದ ಮೇಲೆ ಅಡುಗೆ ಸೋಡಾ ನೀರಲ್ಲಿ ಬ್ರಷ್ ಹಾಕಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ. ಬಿಟ್ಟರೆ ಸಕಲೇಶಪುರದ ಕಡೆಯ ಮಳೆಗಾಲದಲ್ಲಿ ವಾರದೊಳಗೆ ಬೆಸುಗೆಯ ಸುತ್ತ ಕೆಂಪು ತುಕ್ಕು.