ಲಾಲ್ವಿನ್ ಇಸಿ-1118 ಯೀಸ್ಟ್: ಮನೆಯ ಸೈಡರಿಗೆ ಎಷ್ಟು ಒಗ್ಗುತ್ತದೆ?

ಸಾಮರ್ಸೆಟ್‌ನಿಂದ ಹೆರೆಫರ್ಡ್‌ಶೈರ್‌ವರೆಗಿನ ಇಂಗ್ಲೆಂಡಿನ ಸೇಬಿನ ಸೀಮೆಯಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಹಲವು ಮನೆಗಳಲ್ಲಿ ರಸ ಹಿಂಡುವ ಕೆಲಸ ಆರಂಭವಾಗುತ್ತದೆ. ಬ್ರಿಸ್ಟಲ್ ಸಮೀಪ ನೆಲೆಸಿರುವ ನಾನೂ ಹಲವು ವರ್ಷಗಳಿಂದ ಮನೆಬಳಕೆಗೆ ಸೈಡರ್, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯ, ತಯಾರಿಸುತ್ತಿದ್ದು, ಈ ಅವಧಿಯ ಬಹುಪಾಲು ಲಾಲ್ವಿನ್ ಇಸಿ-1118 ಎಂಬ ಒಣ ಯೀಸ್ಟನ್ನೇ ಬಳಸಿದ್ದೇನೆ. ಫ್ರಾನ್ಸಿನ ಶಾಂಪೇನ್ ಪ್ರದೇಶದ ಮೂಲದ ಈ ತಳಿ 5 ಗ್ರಾಂ ಪೊಟ್ಟಣಗಳಲ್ಲಿ ಸಿಗುತ್ತದೆ. ಒಂದು ಪೊಟ್ಟಣ 4.5 ಲೀಟರಿನ ಕಿರಿಕೊರಳಿನ ಪಾತ್ರೆಯಾದ ಡೆಮಿಜಾನ್‌ಗೂ ಸಾಕು, 23 ಲೀಟರಿನ ದೊಡ್ಡ ಪಾತ್ರೆಗೂ ಸಾಕು. ನಂಬಿ ಕೊಳ್ಳಬಹುದಾದ ಯೀಸ್ಟ್ ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಎಲ್ಲ ಬಗೆಯ ರಸಕ್ಕೂ ಇದನ್ನೇ ಹಾಕಬೇಕೆಂದು ನಾನು ಹೇಳಲಾರೆ.

ಇದರ ಹಿರಿಮೆ ಚಳಿಯಲ್ಲಿ ತಿಳಿಯುತ್ತದೆ. ಅಕ್ಟೋಬರ್ ಕೊನೆಗೆ ಇಲ್ಲಿನ ಗ್ಯಾರೇಜು, ಉಗ್ರಾಣಗಳ ಉಷ್ಣತೆ ಹಲವು ಯೀಸ್ಟುಗಳು ಮಂಕಾಗುವ ಮಟ್ಟಕ್ಕೆ ಇಳಿದಿರುತ್ತದೆ. ಇಸಿ-1118 ಮಾತ್ರ 10ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗಿನ ವಿಸ್ತಾರದಲ್ಲಿ ಕೆಲಸ ಮಾಡುವುದರಿಂದ, ನಿಧಾನವಾಗಿಯಾದರೂ ಹುದುಗುವಿಕೆಯನ್ನು ಕೊನೆ ಮುಟ್ಟಿಸುತ್ತದೆ. ನೊರೆ ಕಡಿಮೆಯಿರುವುದರಿಂದ, ಅನಿಲವನ್ನು ಹೊರಬಿಟ್ಟು ಹೊರಗಾಳಿಯನ್ನು ತಡೆಯುವ ಬಿರಡೆಯಾದ ಏರ್‌ಲಾಕ್‌ನೊಳಕ್ಕೆ ರಸ ಉಕ್ಕಿ ಬರುವ ತೊಂದರೆ ಅಪರೂಪ. ಸೇಬಿನ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಸಾಮಾನ್ಯವಾಗಿ ಕಡಿಮೆಯಿರುತ್ತದೆ, ಅದನ್ನೂ ಈ ತಳಿ ಸಹಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಗಷ್ಟು ತಳದಲ್ಲಿ ಗಟ್ಟಿಯಾಗಿ ಕೂರುವುದರಿಂದ ಮೇಲಿನ ತಿಳಿಯನ್ನು ಕೊಳವೆಯ ಮೂಲಕ ಬೇರೆ ಪಾತ್ರೆಗೆ ಇಳಿಸುವುದು ಸುಲಭ.

ಸಿಹಿ ಉಳಿಯುತ್ತದೆಂದು ನಿರೀಕ್ಷಿಸುವವರು ಒಂದು ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಹಿಂಡಿದ ರಸದ ಸಾಪೇಕ್ಷ ಸಾಂದ್ರತೆ (ನೀರಿಗೆ 1.000; ಸಕ್ಕರೆ ಹೆಚ್ಚಿದಷ್ಟೂ ಹೆಚ್ಚು) ಹೈಡ್ರೋಮೀಟರಿನಲ್ಲಿ 1.048 ಇದ್ದು, ಕೊನೆಯಲ್ಲಿ 1.000ಕ್ಕೆ ಇಳಿದರೆ, ಆ ಅಂತರವನ್ನು 131.25ರಿಂದ ಗುಣಿಸಿದಾಗ ಬರುವ ಸುಮಾರು 6.3 ಶೇಕಡಾ ಮದ್ಯಸಾರವೇ ನಿಮ್ಮ ಸೈಡರಿನ ಬಲ. ಈ ಯೀಸ್ಟ್ 18 ಶೇಕಡಾವರೆಗೆ ತಾಳಿಕೊಳ್ಳುತ್ತದೆ. ಆದ್ದರಿಂದ ಮದ್ಯಸಾರ ಹೆಚ್ಚಾಗಿ ಅದು ನಡುವೆ ನಿಲ್ಲುವ ಪ್ರಶ್ನೆಯೇ ಇಲ್ಲ. ಸಕ್ಕರೆ ಮುಗಿಯುವವರೆಗೂ ಕೆಲಸ ಮಾಡಿ, ಪೂರ್ತಿ ಸಿಹಿಯಿಲ್ಲದ, ಚುರುಕಾದ ಪಾನೀಯವನ್ನು ಉಳಿಸುತ್ತದೆ. ನನಗೆ ಅದೇ ಇಷ್ಟ. ಸಿಹಿ ಬೇಕೆನ್ನುವವರು ಯೀಸ್ಟ್ ಹುದುಗಿಸಲಾರದ ಎರಿತ್ರಿಟಾಲ್‌ನಂಥ ಸಿಹಿಕಾರಕವನ್ನು ಕೊನೆಯಲ್ಲಿ ಬೆರೆಸಬಹುದು.

ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿ ಸಿಹಿ ಉಳಿಸಿಕೊಳ್ಳುವ ಉಪಾಯವನ್ನಂತೂ ದಯವಿಟ್ಟು ಮಾಡಬೇಡಿ. 1.010ರಲ್ಲಿ ಬಿರಡೆ ಹಾಕಿದ ಸೈಡರಿನಲ್ಲಿ ಲೀಟರಿಗೆ 20 ಗ್ರಾಂಗೂ ಹೆಚ್ಚು ಸಕ್ಕರೆ ಇನ್ನೂ ಇರುತ್ತದೆ, ಅದನ್ನು ಈ ಯೀಸ್ಟ್ ಖಂಡಿತವಾಗಿ ಮುಗಿಸುತ್ತದೆ, ಮತ್ತು ಅದರಿಂದ ಹುಟ್ಟುವ ಅನಿಲದ ಒತ್ತಡಕ್ಕೆ ಸಾಧಾರಣ ಗಾಜಿನ ಬಾಟಲಿ ಸಿಡಿಯಬಹುದು. ಗುಳ್ಳೆ ಬೇಕಿದ್ದರೆ ಪೂರ್ತಿ ಹುದುಗಿದ ಸೈಡರಿಗೆ ಲೀಟರಿಗೆ 8 ಗ್ರಾಂನಷ್ಟು ಸಕ್ಕರೆಯನ್ನು ಅಳೆದು ಹಾಕಿ, ಒತ್ತಡ ತಾಳುವ ಬಾಟಲಿಗಳಲ್ಲೇ ತುಂಬಬೇಕು.

ಇನ್ನು ರುಚಿಯ ವಿಚಾರ, ಇದೇ ಮುಖ್ಯವಾದದ್ದು. ಇಸಿ-1118 ತನ್ನದೆಂಬ ಪರಿಮಳವನ್ನು ಬಹಳ ಕಡಿಮೆ ಸೇರಿಸುತ್ತದೆ. ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ವರ್ಗೀಕರಣವು ಸೈಡರ್ ಸೇಬುಗಳನ್ನು ಹುಳಿ ಮತ್ತು ಒಗರಿನ ಪ್ರಮಾಣದ ಮೇಲೆ ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಆಮ್ಲ 0.45 ಶೇಕಡಾ ಮೀರಿದರೆ ಹುಳಿ, ಟ್ಯಾನಿನ್ 0.2 ಶೇಕಡಾ ಮೀರಿದರೆ ಒಗರು. ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್‌ನಂಥ ಒಗರುಳ್ಳ ತಳಿಗಳ ರಸದಲ್ಲಿ ಸ್ವಂತ ಗುಣವೇ ಧಾರಾಳವಾಗಿರುವುದರಿಂದ, ಅಲ್ಲಿ ಈ ಯೀಸ್ಟಿನ ಶುಚಿತನ ನನಗೆ ತುಸು ಬರಡೆನಿಸುತ್ತದೆ. ಅಂಥ ರಸವನ್ನು ಸಿಪ್ಪೆಯ ಮೇಲಿನ ಸಹಜ ಯೀಸ್ಟಿಗೇ ಬಿಟ್ಟು ಕಾಯುವುದು ಲೇಸು. ಜೊತೆಗೆ, ಈ ತಳಿ ತಾನೇ ಒಂದಿಷ್ಟು ಸಲ್ಫರ್ ಡೈಆಕ್ಸೈಡ್ ಉತ್ಪಾದಿಸುವುದರಿಂದ, ವಸಂತದಲ್ಲಿ ಬ್ಯಾಕ್ಟೀರಿಯಾಗಳು ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವ ಕ್ರಿಯೆಗೂ ಅಡ್ಡಿಯಾಗಬಹುದು. ಬ್ರಾಮ್ಲಿಯಂಥ ಹುಳಿ ಸೇಬು ಹೆಚ್ಚಿರುವ ರಸಕ್ಕೆ ಲಾಲ್ವಿನ್ 71ಬಿ ಎಂಬ ಯೀಸ್ಟ್ ಮೇಲು, ಏಕೆಂದರೆ ಅದು ಮ್ಯಾಲಿಕ್ ಆಮ್ಲದ ಒಂದು ಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ಅಂಗಡಿಯ ಡಬ್ಬಿ ರಸಕ್ಕೆ ಇಸಿ-1118 ಚೆನ್ನಾಗಿ ಒಗ್ಗುತ್ತದೆ. ಆದರೆ ಡಬ್ಬಿಯ ಮೇಲೆ ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಇ202 ಎಂದಿದ್ದರೆ ಅದನ್ನು ಕೊಳ್ಳಬಾರದು. ಯೀಸ್ಟ್ ಬೆಳೆಯದಂತೆ ತಡೆಯುವುದೇ ಅದರ ಕೆಲಸ.

ಬ್ರಿಟನ್ನಿನಲ್ಲಿ ಮಾರಾಟ ಮಾಡದೆ ಮನೆಬಳಕೆಗೆ ಸೈಡರ್ ಹುದುಗಿಸಲು ಅನುಮತಿಯೂ ಬೇಡ, ಸುಂಕವೂ ಇಲ್ಲ. ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರು 1965ರ ಅಬಕಾರಿ ಕಾಯಿದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದನ್ನು ಗಮನಿಸಬೇಕು.

ಬಳಸುವ ಮುನ್ನ ಪೊಟ್ಟಣವನ್ನು 40ರಿಂದ 43 ಡಿಗ್ರಿಯ 50 ಮಿಲಿಲೀಟರ್ ಶುದ್ಧ ನೀರಿನಲ್ಲಿ ಸುಮಾರು 20 ನಿಮಿಷ ನೆನೆಸುವುದು ಒಳ್ಳೆಯದು. ರಸಕ್ಕೆ ಕ್ಯಾಂಪ್ಡನ್ ಮಾತ್ರೆ (ಬೇಡದ ಸೂಕ್ಷ್ಮಜೀವಿಗಳನ್ನು ತಡೆಯುವ ಸಲ್ಫೈಟ್ ಮಾತ್ರೆ) ಹಾಕಿದ್ದರೆ ಒಂದು ದಿನ ಬಿಟ್ಟು ಯೀಸ್ಟ್ ಸೇರಿಸಿ. ತೆರೆದ ಪೊಟ್ಟಣದಲ್ಲಿ ಉಳಿದದ್ದನ್ನು ಮುಂದಿನ ಸುಗ್ಗಿಗೆ ಎತ್ತಿಡುವುದಕ್ಕಿಂತ, ಸಣ್ಣ ಡೆಮಿಜಾನ್ ಆದರೂ ಪೂರ್ತಿ ಪೊಟ್ಟಣವನ್ನೇ ಹಾಕಿಬಿಡುವುದು ಸರಿ; ಅದರಿಂದ ಸೈಡರಿಗೆ ಹಾನಿಯಿಲ್ಲ.